ಅಮ್ಮನಿಗೆ ಗೋಕರ್ಣ, ಮಕ್ಕಳಿಗೆ ಬೀಚು: ಮಲೆನಾಡಿನ ಸಾಗರದಿಂದ ಮೂರು ದಿನದಲ್ಲಿ ಎರಡೂ ಆಗುತ್ತದಾ?

ಕಾನುಮನೆ, ಸಾಗರ

ಎಲ್ಲರಿಗೂ ನಮಸ್ಕಾರ. ಸಮುದ್ರಕ್ಕೆ ಹೋಗುವ ವಿಷಯ. ಆದರೆ ಬರೀ ಸಮುದ್ರದ್ದಲ್ಲ.

ಅಪ್ಪ ಹೋಗಿ ಎರಡು ವರ್ಷ ಆಯಿತು. ಗೋಕರ್ಣದಲ್ಲಿ ಒಮ್ಮೆ ಪಿತೃಕಾರ್ಯ ಮಾಡಿಸಬೇಕು ಎಂದು ಅಮ್ಮ ಅಂದಿನಿಂದ ಹೇಳುತ್ತಲೇ ಇದ್ದಾರೆ. ಅಡಿಕೆ ಕೊನೆ ಕೊಯ್ಲು, ಮಳೆ, ಮಕ್ಕಳ ಪರೀಕ್ಷೆ, ಪ್ರತಿ ಸಲ ಏನಾದರೊಂದು ಅಡ್ಡ. ಈಗ ಜನವರಿ ಕೊನೆಗೆ ಮೂರು ದಿನ ಬಿಡುವು ಸಿಕ್ಕಿದೆ.

ಮಕ್ಕಳ ಕಿವಿಗೆ ಸುದ್ದಿ ಬಿದ್ದಿದ್ದೇ ತಡ, ಓಂ ಬೀಚು, ಬೋಟು, ಡಾಲ್ಫಿನ್ನು ಎಂದು ಪಟ್ಟಿ ಶುರುವಾಗಿದೆ. ಮಗಳಿಗೆ ಹದಿಮೂರು, ಮಗನಿಗೆ ಒಂಬತ್ತು. ಅಮ್ಮನಿಗೆ ಎಪ್ಪತ್ತೆರಡು, ಮಂಡಿನೋವು ಬೇರೆ. ಅಮ್ಮ ಹೇಳುವ ಗೋಕರ್ಣ ಮತ್ತು ಮೊಬೈಲಿನಲ್ಲಿ ಮಗಳು ತೋರಿಸುವ ಗೋಕರ್ಣ ಒಂದೇ ಊರಾ ಎಂದು ನನಗೇ ಅನುಮಾನ ಬಂದಿದೆ. ನಾನು ಅಲ್ಲಿಗೆ ಹೋಗಿದ್ದು ಕಾಲೇಜಿನಲ್ಲಿದ್ದಾಗ. ಬೆಳಿಗ್ಗೆ ಹೋಗಿ ರಾತ್ರಿ ವಾಪಸ್. ಏನೂ ನೆನಪಿಲ್ಲ.

ಯಾವ ದಾರಿ ಒಳ್ಳೆಯದು? ಉಳಿಯುವುದು ದೇವಸ್ಥಾನದ ಹತ್ತಿರವಾ, ಬೀಚಿನ ಹತ್ತಿರವಾ? ಹೋಗಿ ಬಂದವರು ಹೇಳಿ.

ಘಟ್ಟದ ಗೇರು, ತಾಳಗುಪ್ಪ

ಅಣ್ಣ, ನಾನು ಬಾಡಿಗೆ ಕಾರು ಓಡಿಸುವವನು. ವರ್ಷಕ್ಕೆ ಹದಿನೈದು ಸಲವಾದರೂ ಈ ದಾರಿ ಇಳಿಯುತ್ತೇನೆ. ದಾರಿ ವಿಷಯ ನನಗೆ ಬಿಡಿ.

ಸಾಗರದಿಂದ ಸುಮಾರು 140 ಕಿಲೋಮೀಟರ್. ತಾಳಗುಪ್ಪ, ಮಾವಿನಗುಂಡಿ, ಗೇರುಸೊಪ್ಪೆ, ಹೊನ್ನಾವರ, ಅಲ್ಲಿಂದ ಬಲಕ್ಕೆ ಕುಮಟಾ, ಮಿರ್ಜಾನ್, ಮಾದನಗೇರಿ, ಎಡಕ್ಕೆ ಗೋಕರ್ಣ. ನಿಲ್ಲದೆ ಹೋದರೆ ಮೂರೂವರೆ ಗಂಟೆ. ಅಮ್ಮ, ಮಕ್ಕಳು ಇದ್ದಾರೆ ಅಂದರೆ ಐದು ಗಂಟೆ ಎಂದೇ ಇಟ್ಟುಕೊಳ್ಳಿ. ಆರಕ್ಕೆ ಮನೆ ಬಿಡಿ.

ಮಾವಿನಗುಂಡಿ ದಾಟಿದ ಮೇಲೆ ಮಾಲೆಮನೆ ಘಾಟಿ. ಬರೀ ಬ್ರೇಕ್ ಮೇಲೆ ಇಳಿಯಬೇಡಿ. ಸೆಕೆಂಡ್ ಗೇರಿನಲ್ಲಿ ಇಂಜಿನ್ನೇ ಗಾಡಿ ಹಿಡಿಯುವ ಹಾಗೆ ಇಳಿಸಿ. ಬ್ರೇಕ್ ಸುಟ್ಟ ವಾಸನೆ ಬರಿಸಿಕೊಂಡು ಕೆಳಗೆ ನಿಂತಿರುವ ಬೆಂಗಳೂರು ಗಾಡಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಮಕ್ಕಳಿಗೆ ತಿಂಡಿ ಕೊಡುವುದಿದ್ದರೆ ಘಟ್ಟ ಇಳಿದ ಮೇಲೆ ಕೊಡಿ. ಯಾಕೆ ಎಂದು ಕೇಳಬೇಡಿ.

ಆ ಕಾಡು ಸಿಂಗಳೀಕದ ಕಾಡು. ಅದೃಷ್ಟ ಇದ್ದರೆ ಕಾಣುತ್ತವೆ. ಕಂಡರೆ ಬಾಳೆಹಣ್ಣು ಎಸೆಯಬೇಡಿ. ರಸ್ತೆಗೆ ಬರುವುದನ್ನು ಅವಕ್ಕೆ ಕಲಿಸಿದ್ದೇ ನಾವು, ಗಾಡಿ ಕೆಳಗೆ ಹಾಕುವುದೂ ನಾವೇ.

ಸಿದ್ದಾಪುರಕ್ಕೆ ಹೋಗಿ ದೊಡ್ಮನೆ ಘಟ್ಟ ಇಳಿದು ನೇರ ಕುಮಟಾ ಸೇರಬಹುದು. ನೋಡಲು ಚಂದ, ಆದರೆ ಕಿರಿದು. ಮಂಡಿನೋವಿನವರಿಗೆ ಆ ಕುಲುಕಾಟ ಬೇಡ. ಶಿರಸಿ ಕಡೆಯ ದೇವಿಮನೆ ಘಟ್ಟ ನಿಮಗೆ ಸುಮ್ನೆ ಸುತ್ತು.

ಮಳೆಗಾಲದಲ್ಲಿ ಈ ಪ್ರಶ್ನೆ ಕೇಳಿದ್ದರೆ ಬೇಡ ಅಂದುಬಿಡುತ್ತಿದ್ದೆ. 2024ರ ಜುಲೈನಲ್ಲಿ ಅಂಕೋಲೆ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನೆನಪಿದೆ ಅಲ್ವಾ? ಜನವರಿಗೆ ಆ ಭಯ ಇಲ್ಲ. ಆದರೆ 26ರ ಹಿಂದೆ ಮುಂದೆ ಹೋಗಬೇಡಿ. ಇಡೀ ಬೆಂಗಳೂರು ಅಲ್ಲೇ ಇರುತ್ತದೆ.

ನಿವೃತ್ತ ಮೇಷ್ಟ್ರು, ಶಿವಮೊಗ್ಗ

ತಾಳಗುಪ್ಪದವರು ಹೇಳಿದ ದಾರಿಯ ಬಗ್ಗೆಯೇ ಒಂದು ಮಾತು. ಅದು ಬರೀ ಹೆದ್ದಾರಿ ಅಲ್ಲ, ನಮ್ಮ ಸೀಮೆಯ ಹಳೆಯ ಬಾಗಿಲು.

1623ರಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ ಇದೇ ದಾರಿಯಲ್ಲಿ ನಮ್ಮ ಕಡೆ ಬಂದಿದ್ದ. ಕೆಳದಿಯ ವೆಂಕಟಪ್ಪ ನಾಯಕನ ಹತ್ತಿರ ಗೋವಾದ ಪೋರ್ಚುಗೀಸರು ರಾಯಭಾರಿ ಕಳಿಸಿದರು, ಅವರ ಜೊತೆ ಈತನೂ ಹೊರಟ. ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ಶರಾವತಿಯಲ್ಲಿ ದೋಣಿ, ಆಮೇಲೆ ಘಟ್ಟ ಹತ್ತಿ ಸಾಗರ, ಇಕ್ಕೇರಿ. ನೀವು ಕಾರಿನಲ್ಲಿ ಇಳಿಯುವುದನ್ನು ಅವನು ಮೇಲಕ್ಕೆ ಹತ್ತಿದ್ದ, ಅಷ್ಟೇ ವ್ಯತ್ಯಾಸ. ಇಕ್ಕೇರಿಯ ಅಘೋರೇಶ್ವರನ ಗುಡಿಗೆ ಮಕ್ಕಳು ಹೋಗಿಯೇ ಇರುತ್ತಾರೆ. ಈ ಕಥೆ ಹೇಳಿ. ಊರ ಪಕ್ಕದ ಗುಡಿ ನೋಡಿದವನು ರೋಮಿನವನು ಅಂದರೆ ಕಿವಿ ನೆಟ್ಟಗಾಗುತ್ತದೆ.

ಗೇರುಸೊಪ್ಪೆಯಲ್ಲಿ ಚಹಾ ಕುಡಿದು ಓಡಬೇಡಿ. ಹೊಳೆ ದಾಟಿ ನಗರಬಸ್ತಿಕೇರಿಗೆ ಹೋದರೆ ಕಾಡಿನ ನಡುವೆ ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೂ ಬಾಗಿಲು, ಒಳಗೆ ನಾಲ್ಕು ದಿಕ್ಕಿಗೂ ಮುಖ ಮಾಡಿ ಕುಳಿತ ಜಿನರು. ರಾಣಿ ಚೆನ್ನಭೈರಾದೇವಿಯ ಊರು ಅದು. 1552ರಿಂದ 1606ರವರೆಗೆ, ಐವತ್ತು ವರ್ಷಕ್ಕೂ ಜಾಸ್ತಿ ಆಳಿದಳು. ಪೋರ್ಚುಗೀಸರು ಅವಳನ್ನು ಕರೆಯುತ್ತಿದ್ದುದೇ ಮೆಣಸಿನ ರಾಣಿ ಎಂದು. ಆ ಮೆಣಸು ಬೆಳೆದದ್ದು ಎಲ್ಲಿ? ಘಟ್ಟದ ಈ ಕಾಡುಗಳಲ್ಲೇ. ಅದನ್ನು ಹಡಗಿಗೆ ಹತ್ತಿಸಿದ ಜಾಗ ಮುಂದೆ ಮಿರ್ಜಾನಿನಲ್ಲಿ ಸಿಗುತ್ತದೆ. ಹೆದ್ದಾರಿಯಿಂದ ಕೂಗಿದರೆ ಕೇಳುವಷ್ಟು ಹತ್ತಿರ, ಅಘನಾಶಿನಿಯ ದಡದಲ್ಲಿ ಚಿರೆಕಲ್ಲಿನ ಕೋಟೆ. ಎರಡು ಸುತ್ತಿನ ಗೋಡೆ, ಬುರುಜು, ದೊಡ್ಡ ಬಾವಿ. ಮಳೆ ನಿಂತ ಹೊಸತರಲ್ಲಿ ಹುಲ್ಲು ಹಸಿರಾಗಿ ಬಹಳ ಚಂದ. ಜನವರಿಗೆ ಸ್ವಲ್ಪ ಒಣಗಿರುತ್ತದೆ, ಪರವಾಗಿಲ್ಲ.

ಘಟ್ಟದ ಗೇರು, ತಾಳಗುಪ್ಪ

ಮೇಷ್ಟ್ರೇ, ಬಸದಿಗೆ ಹೋದರೆ ಗೋಕರ್ಣಕ್ಕೆ ಮಧ್ಯಾಹ್ನ ಎರಡಾಗುತ್ತದೆ. ದೇವಸ್ಥಾನದ ಬಾಗಿಲು ಹಾಕಿರುತ್ತದೆ, ಅಮ್ಮ ಬೈಯುತ್ತಾರೆ. ಬರುವಾಗ ನೋಡಲಿ.

ಮುರುಗಲು, ಹೊಸನಗರ

ನನ್ನ ತವರು ಕುಮಟಾ ತಾಲೂಕು. ಮದುವೆಯಾಗಿ ಘಟ್ಟ ಹತ್ತಿ ಹದಿನೆಂಟು ವರ್ಷ. ಹಾಗಾಗಿ ಎರಡೂ ಕಡೆಯ ಮಾತು ನನಗೆ ಗೊತ್ತು.

ಕಾನುಮನೆಯವರೇ, ನಿಮ್ಮ ಅನುಮಾನ ಸರಿ. ಗೋಕರ್ಣ ಅಂದರೆ ಎರಡು ಊರು. ರಥಬೀದಿ, ಕೋಟಿತೀರ್ಥ, ದೇವಸ್ಥಾನ, ಭಟ್ಟರ ಮನೆಗಳು, ಅದು ಒಂದು. ಗುಡ್ಡದ ಆಚೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳು, ಅದು ಇನ್ನೊಂದು. ನಾನು ಸಣ್ಣವಳಿದ್ದಾಗ ಆ ಕಡೆ ಹೋಗುತ್ತಿದ್ದವರು ಮೀನುಗಾರರು ಮತ್ತು ದನ ಕಾಯುವವರು. ಆಮೇಲೆ ಗೋವಾದಲ್ಲಿ ಗದ್ದಲ ಜಾಸ್ತಿಯಾಗಿ ವಿದೇಶಿಯರು ಬೆನ್ನಿಗೆ ಚೀಲ ಹಾಕಿಕೊಂಡು ಇತ್ತ ಬಂದರು. ತೆಂಗಿನ ಗರಿಯ ಗುಡಿಸಲು ಹೋಗಿ ಈಗ ರೆಸಾರ್ಟು ಆಗಿದೆ.

ಈ ಎರಡು ಊರನ್ನು ಒಂದೇ ದಿನದಲ್ಲಿ ಕಲಸಬೇಡಿ. ನಮ್ಮ ಘಟ್ಟದ ಮೇಲಿನ ನೆಂಟರೆಲ್ಲ ಮಾಡುವ ತಪ್ಪು ಅದೇ. ಬೆಳಿಗ್ಗೆ ತರ್ಪಣ, ಹನ್ನೊಂದಕ್ಕೆ ಬೀಚು, ಮೂರಕ್ಕೆ ವಾಪಸ್. ತರ್ಪಣಕ್ಕೆ ಕೂತಾಗ ಮಕ್ಕಳು ಗಡಿಯಾರ ನೋಡುತ್ತಿರುತ್ತಾರೆ, ಬೀಚಿನಲ್ಲಿ ಅಜ್ಜಿ ಬಿಸಿಲಲ್ಲಿ ಬೇಯುತ್ತಿರುತ್ತಾರೆ. ಯಾರಿಗೂ ಪೂರ್ತಿ ಸಿಗುವುದಿಲ್ಲ.

ಹೀಗೆ ಮಾಡಿ. ಮೊದಲ ದಿನ ಸಂಜೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಊರ ಮುಂದಿನ ಬೀಚಿಗೆ ನಡೆದು ಹೋಗಿ. ರಥಬೀದಿ ಹಿಡಿದು ನಡೆದರೆ ಬೀದಿ ಮುಗಿಯುವಲ್ಲಿ ಸಮುದ್ರ. ಮೆಟ್ಟಿಲು ಹತ್ತುವ ಇಳಿಯುವ ಕೆಲಸ ಇಲ್ಲ, ಅಮ್ಮನಿಗೆ ಆರಾಮು. ಎಡಕ್ಕೆ ಮರಳಲ್ಲಿ ನಡೆದರೆ ಕೊನೆಯಲ್ಲಿ ರಾಮನ ಗುಡಿ, ಪಕ್ಕದಲ್ಲಿ ರಾಮತೀರ್ಥ. ಇಷ್ಟು ಹತ್ತಿರ ಉಪ್ಪುನೀರು ಇದ್ದರೂ ಅಲ್ಲಿ ಗುಡ್ಡದಿಂದ ಬರುವ ನೀರು ಸಿಹಿ.

ಎರಡನೇ ದಿನ ಪೂರ್ತಿ ಅಮ್ಮನದು. ಸಮುದ್ರಸ್ನಾನ, ಕೋಟಿತೀರ್ಥ, ಪಿತೃಕಾರ್ಯ, ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ಗಣಪತಿಯನ್ನು ಮೊದಲು ನೋಡುವುದಕ್ಕೆ ಕಾರಣ ಇದೆ. ರಾವಣ ಕೈಲಾಸದಿಂದ ತಂದ ಆತ್ಮಲಿಂಗವನ್ನು ಹುಡುಗನ ವೇಷದಲ್ಲಿ ಇಸಿದುಕೊಂಡು, ಮೂರು ಸಲ ಕರೆದು, ನೆಲಕ್ಕಿಟ್ಟವನೇ ಅವನು. ಸಿಟ್ಟಿಗೆ ರಾವಣ ತಲೆಗೆ ಗುದ್ದಿದ ಗುರುತು ಮೂರ್ತಿಯ ಮೇಲೆ ಇದೆ ಎನ್ನುತ್ತಾರೆ. ಮಗನಿಗೆ ತೋರಿಸಿ, ಹುಡುಕುತ್ತಾನೆ. ರಾವಣ ಲಿಂಗವನ್ನು ಕಿತ್ತೆಳೆದಾಗ ಹಸುವಿನ ಕಿವಿಯ ಹಾಗೆ ತಿರುಚಿತು, ಅದಕ್ಕೇ ಗೋಕರ್ಣ. ಮಹಾಬಲೇಶ್ವರನನ್ನು ನಾವೇ ಕೈಯಿಂದ ಮುಟ್ಟಬಹುದು. ಪೀಠದ ರಂಧ್ರದೊಳಗೆ ಬೆರಳು ಇಟ್ಟರೆ ಲಿಂಗದ ತುದಿ ತಾಗುತ್ತದೆ. ಗಂಡಸರಿಗೆ ಪಂಚೆ, ಅಂಗಿ ತೆಗೆಯಬೇಕು. ಮಗಳಿಗೆ ಜೀನ್ಸ್ ಬೇಡ, ಚೂಡಿದಾರ್ ಆದೀತು.

ಮೂರನೇ ದಿನ ಬೆಳಿಗ್ಗೆ ಮಕ್ಕಳದು.

ಉಳಿಯುವುದು ಊರೊಳಗೆ. ಇದರಲ್ಲಿ ಎರಡು ಮಾತಿಲ್ಲ. ಕಾರ್ಯ ಮಾಡಿಸುವ ಭಟ್ಟರನ್ನು ಮೊದಲೇ ಫೋನಿನಲ್ಲಿ ಮಾತಾಡಿಸಿ. ನಿಮ್ಮ ಮನೆತನಕ್ಕೆ ಹಿಂದಿನಿಂದ ಬಂದ ಭಟ್ಟರ ಮನೆ ಇದ್ದೀತು, ಅಮ್ಮನಿಗೆ ಗೊತ್ತಿರುತ್ತದೆ. ಬಸ್‌ಸ್ಟ್ಯಾಂಡಿನಲ್ಲೇ ಬಂದು ಹಿಡಿದುಕೊಳ್ಳುವವರ ಹಿಂದೆ ಹೋಗಬೇಡಿ.

ಮಂಡಗದ್ದೆ ಹಕ್ಕಿ, ತೀರ್ಥಹಳ್ಳಿ

ನನ್ನ ಪ್ರಕಾರ ಮಕ್ಕಳಿದ್ದಾರೆ ಅಂದರೆ ಮುರುಡೇಶ್ವರವೇ ಸರಿ. 123 ಅಡಿ ಶಿವ, ಇಪ್ಪತ್ತು ಅಂತಸ್ತಿನ ಗೋಪುರ, ಅದರೊಳಗೆ ಲಿಫ್ಟು. ಅಜ್ಜಿ ಕೂಡ ಲಿಫ್ಟಿನಲ್ಲಿ ಮೇಲೆ ಹೋಗಿ ಸಮುದ್ರ ನೋಡಬಹುದು. ಅದೂ ಆತ್ಮಲಿಂಗದ ಐದು ಕ್ಷೇತ್ರಗಳಲ್ಲಿ ಒಂದೇ ತಾನೇ?

ಮುರುಗಲು, ಹೊಸನಗರ

ತಮ್ಮಾ, ಕ್ಷೇತ್ರ ಹೌದು. ಮುರುಡೇಶ್ವರ, ಗುಣವಂತೆ, ಧಾರೇಶ್ವರ, ಕಾರವಾರದ ಕಡೆ ಸಜ್ಜೇಶ್ವರ, ನಡುವೆ ಗೋಕರ್ಣ. ಆದರೆ ಅಪ್ಪನ ಕಾರ್ಯಕ್ಕೆ ಗೋಕರ್ಣ ಎಂದು ಹೊರಟವರಿಗೆ ಲಿಫ್ಟು ತೋರಿಸಿದರೆ ಹೇಗೆ ಮಾರಾಯ?

ಮಂಡಗದ್ದೆ ಹಕ್ಕಿ, ತೀರ್ಥಹಳ್ಳಿ

ಒಪ್ಪಿದೆ ಅಕ್ಕ. ಹಾಗಾದರೆ ಬರುವಾಗ ಹೊನ್ನಾವರದಲ್ಲಿ ಸೇತುವೆ ದಾಟಿ ಕಾಸರಕೋಡಿಗಾದರೂ ಹೋಗಿ ಬರಲಿ. 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಗುರುತು) ಸಿಕ್ಕ ಬೀಚು. ಸ್ನಾನಕ್ಕೆ, ಬಟ್ಟೆ ಬದಲಿಸಲು ಜಾಗ ಇದೆ. ಹೆಂಗಸರಿಗೆ ಇದು ಸಣ್ಣ ವಿಷಯ ಅಲ್ಲ. ನನ್ನ ಹೆಂಡತಿ ಒಂದು ಊರನ್ನು ಅಳೆಯುವುದೇ ಅದರಿಂದ.

ಆ ಸೇತುವೆ ಮೇಲೆ ನಿಧಾನಕ್ಕೆ ಹೋಗಿ. ಪಕ್ಕದಲ್ಲೇ ಕೊಂಕಣ ರೈಲಿನ ಸೇತುವೆ, ಎರಡು ಕಿಲೋಮೀಟರಿಗೂ ಉದ್ದ. ಆ ಇಡೀ ರೈಲು ಮಾರ್ಗದಲ್ಲೇ ಅತಿ ಉದ್ದದ್ದು. ಕೆಳಗೆ ಶರಾವತಿ. ನಮ್ಮ ತಾಲೂಕಿನ ಅಂಬುತೀರ್ಥದಲ್ಲಿ ಅವಳು ಹುಟ್ಟುವ ಜಾಗವನ್ನು ಒಂದೇ ಹೆಜ್ಜೆಯಲ್ಲಿ ದಾಟಿದವನು ನಾನು. 128 ಕಿಲೋಮೀಟರ್ ಹರಿದು ಅಲ್ಲಿ ಹೀಗೆ ಅಗಲವಾಗಿ ಮಲಗಿರುವುದನ್ನು ನೋಡಿದಾಗ, ನಮ್ಮೂರ ಹುಡುಗಿ ದೊಡ್ಡ ಮನೆ ಸೇರಿದ ಹಾಗೆ ಕಂಡಿತು. ನಡುವೆ ಲಿಂಗನಮಕ್ಕಿ, ತಲಕಳಲೆ, ಗೇರುಸೊಪ್ಪೆ ಎಂದು ಎಷ್ಟು ಕಡೆ ತಡೆದಿದ್ದೇವೆ ಎಂಬುದೂ ನೆನಪಾಯಿತು. ಈಗ ಅದೇ ಕಣಿವೆಯಲ್ಲಿ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ (ಕೆಳಗಿನ ನೀರನ್ನು ಮತ್ತೆ ಮೇಲೆತ್ತಿ ಕರೆಂಟು ತೆಗೆಯುವ ಯೋಜನೆ) ಎನ್ನುತ್ತಿದ್ದಾರೆ. ಆ ಜಗಳ ಇಲ್ಲಿ ಬೇಡ, ಬಿಡಿ.

ಮೌನಿ, ಶಿವಮೊಗ್ಗ

ನಾನು ಹೋದ ವರ್ಷ ಹೋಗಿದ್ದೆ. ಮತ್ತೆ ಹೋಗುವುದಿಲ್ಲ. ಬೀಚಲ್ಲಿ ಬಾಟಲಿ, ಹಾಡು, ಅರ್ಧಂಬರ್ಧ ಬಟ್ಟೆ. ಪುಣ್ಯಕ್ಷೇತ್ರವನ್ನು ಹಾಳು ಮಾಡಿದ್ದಾರೆ. ಅಮ್ಮನನ್ನು ಯಾಕೆ ಕರೆದುಕೊಂಡು ಹೋಗುತ್ತೀರಿ?

ಮುರುಗಲು, ಹೊಸನಗರ

ಬಾಟಲಿ ವಿಷಯಕ್ಕೆ ನಿಮ್ಮ ಜೊತೆ ನಾನೂ ಬೈಯುತ್ತೇನೆ. ಬಟ್ಟೆ ವಿಷಯ ಬಿಡಿ. ನಮ್ಮ ಕಡೆಯ ಹಾಲಕ್ಕಿ ಬುಡಕಟ್ಟಿನ ಅಜ್ಜಿಯರು ರವಿಕೆಯನ್ನೇ ತೊಡುತ್ತಿರಲಿಲ್ಲ, ಕುತ್ತಿಗೆ ತುಂಬ ಕರಿಮಣಿ ಸರ ಹಾಕಿಕೊಂಡು ಅದೇ ರಥಬೀದಿಯಲ್ಲಿ ತರಕಾರಿ ಮಾರುತ್ತಿದ್ದರು. ಆಗ ಯಾರಿಗೂ ಕ್ಷೇತ್ರ ಹಾಳಾಗಿದೆ ಅನ್ನಿಸಿರಲಿಲ್ಲ. ಬಾಟಲಿ ಒಡೆದು ಮರಳಲ್ಲಿ ಹುಗಿದು ಹೋಗುವವರು ಬಹಳ ಮಟ್ಟಿಗೆ ನಮ್ಮವರೇ, ವಾರಾಂತ್ಯಕ್ಕೆ ಬಂದವರು. ಸೋಮವಾರ ಬೆಳಿಗ್ಗೆ ಹೋಗಿ ನೋಡಿ.

ದಿಬ್ಬಣ, ಸೊರಬ

ಸಮುದ್ರಕ್ಕೆ ಇಳಿಯುವ ಬಗ್ಗೆ ಯಾರೂ ಹೇಳಿಲ್ಲ. ಹೇಳಲೇಬೇಕು. ನಾನು ಏಳು ವರ್ಷ ಕಾರವಾರದಲ್ಲಿ ಕೆಲಸ ಮಾಡಿದವನು.

ನಮ್ಮವರ ತೊಂದರೆ ಏನು ಗೊತ್ತಾ? ಈಜು ಬರುತ್ತದೆ ಎಂಬ ಧೈರ್ಯ. ಹೊಳೆಯಲ್ಲಿ, ಕೆರೆಯಲ್ಲಿ ಈಜಿದವರಿಗೆ ನೀರು ಎತ್ತ ಎಳೆಯುತ್ತದೆ ಎಂದು ಮೊದಲೇ ಗೊತ್ತಿರುತ್ತದೆ. ಸಮುದ್ರ ಹಾಗಲ್ಲ. ದಡಕ್ಕೆ ಬಂದ ನೀರು ವಾಪಸ್ ಹೋಗಲು ಒಂದು ಓಣಿ ಮಾಡಿಕೊಳ್ಳುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆ, ನೀರು ಶಾಂತವಾಗಿ ಕಾಣುತ್ತದೆ. ಹೊಸಬರು ಇಲ್ಲಿ ಅಲೆ ಇಲ್ಲ ಎಂದು ಅಲ್ಲೇ ಇಳಿಯುತ್ತಾರೆ. ಅದೇ ಎಳೆಯುವ ಜಾಗ. ಸಿಕ್ಕಿಕೊಂಡರೆ ದಡದ ಕಡೆ ನೇರ ಈಜಿ ಸುಸ್ತಾಗಬಾರದು. ದಡದ ಉದ್ದಕ್ಕೇ, ಪಕ್ಕಕ್ಕೆ ಈಜಬೇಕು. ಓಣಿ ದಾಟಿದ ಮೇಲೆ ಅಲೆಯೇ ತಂದು ಬಿಡುತ್ತದೆ.

ಇನ್ನೊಂದು. ಪಿತೃಕಾರ್ಯಕ್ಕೆ ಜನ ಅಮಾವಾಸ್ಯೆಗೆ ಹೋಗುತ್ತಾರೆ. ಉಬ್ಬರ ಇಳಿತ ಎರಡೂ ಜೋರಾಗಿರುವುದು ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲೇ. ಬೆಳಿಗ್ಗೆ ಮರಳಿದ್ದ ಜಾಗದಲ್ಲಿ ಮಧ್ಯಾಹ್ನ ಸೊಂಟದವರೆಗೆ ನೀರಿರುತ್ತದೆ. ಓಂ ಬೀಚಿನ ನಡುವಿನ ಬಂಡೆಗಳ ಮೇಲೆ ಫೋಟೋಕ್ಕೆ ಹತ್ತಿದವರು ಹೀಗೇ ಸಿಕ್ಕಿಬೀಳುವುದು. ಬಂಡೆ ಮೇಲೆ ಪಾಚಿ ಬೇರೆ. ಜೀವರಕ್ಷಕರು ಸೀಟಿ ಊದಿದರೆ ಮುಖ ತಿರುಗಿಸಬೇಡಿ. ಕೆಂಪು ಬಾವುಟ ಇದ್ದರೆ ಕಾಲು ಒದ್ದೆ ಮಾಡಿಕೊಂಡು ಬನ್ನಿ, ಸಾಕು.

ಕಾನುಮನೆ, ಸಾಗರ

ಎಲ್ಲರಿಗೂ ಬಹಳ ಉಪಕಾರ. ಮುರುಗಲು ಅಕ್ಕ ಹೇಳಿದ ಹಾಗೇ ಮಾಡುತ್ತೇನೆ. ಅಮ್ಮನಿಗೆ ಭಟ್ಟರ ಮನೆ ಗೊತ್ತಿತ್ತು! ಅಜ್ಜನ ಕಾಲದ್ದಂತೆ. ಫೋನು ಮಾಡಿದರೆ, ಊರ ಹೆಸರು ಹೇಳಿದ ಕೂಡಲೇ ಅಜ್ಜನ ಹೆಸರು ಅವರೇ ಹೇಳಿದರು. ನನಗೆ ಒಂದು ನಿಮಿಷ ಮಾತೇ ಹೊರಡಲಿಲ್ಲ. 26 ಕಳೆದ ಮೇಲೆ ವಾರದ ನಡುವೆ ಹೊರಡುತ್ತಿದ್ದೇವೆ. ಬಂದು ಬರೆಯುತ್ತೇನೆ.

ಮುರುಗಲು, ಹೊಸನಗರ

ಹೋಗುವಾಗ ಒಂದು ಡಬ್ಬಿ ತೊಡದೇವು ಇಟ್ಟುಕೊಳ್ಳಿ, ಭಟ್ಟರ ಮನೆಗೆ. ಬರುವಾಗ ಸಾಣಿಕಟ್ಟೆಯ ಉಪ್ಪು ತನ್ನಿ. ಮಾದನಗೇರಿಯಿಂದ ಗೋಕರ್ಣಕ್ಕೆ ಹೋಗುವಾಗ ರಸ್ತೆ ಪಕ್ಕದಲ್ಲೇ ಉಪ್ಪಿನ ಗದ್ದೆಗಳು ಕಾಣುತ್ತವೆ. ಕುಮಟಾ ಈರುಳ್ಳಿ ಕೇಳಬೇಡಿ, ಅದರ ಜಡೆ ರಸ್ತೆಗೆ ಬರುವುದು ಬೇಸಿಗೆಗೆ.

ಕಾನುಮನೆ, ಸಾಗರ

ಬಂದು ನಾಲ್ಕು ದಿನ ಆಯಿತು. ಬಟ್ಟೆಯಲ್ಲಿನ ಮರಳು ಇನ್ನೂ ಹೋಗಿಲ್ಲ. ಉದ್ದ ಬರೆಯುತ್ತೇನೆ, ಪುರುಸೊತ್ತಿದ್ದವರು ಓದಿ.

ಆರಕ್ಕೆ ಹೊರಡಬೇಕಿತ್ತು, ಏಳೂಕಾಲು ಆಯಿತು. ಮಗ ಕಾರಿನಲ್ಲಿ ಕದ್ದು ಚಕ್ಕುಲಿ ತಿಂದಿದ್ದ. ಮಾಲೆಮನೆಯ ಮೂರನೇ ತಿರುವಿನಲ್ಲಿ ಅದು ಗೊತ್ತಾಯಿತು. ಗೇರಣ್ಣ, ನೀವು ಹೇಳಿದ್ದು ನೂರಕ್ಕೆ ನೂರು. ಗಾಡಿ ನಿಲ್ಲಿಸಿ ತೊಳೆಯುತ್ತಿದ್ದಾಗ ಮಗಳು ಸನ್ನೆ ಮಾಡಿದಳು. ಮೇಲೆ ಮರದಲ್ಲಿ ಸಿಂಗಳೀಕ, ಒಂದಲ್ಲ, ಐದಾರು. ಮುಖದ ಸುತ್ತ ಬಿಳಿ ಕೂದಲು. ನಮ್ಮನ್ನೇ ನೋಡುತ್ತಿದ್ದವು. ಮಗನ ವಾಂತಿಯಿಂದ ಸಿಕ್ಕ ಭಾಗ್ಯ.

ಇಳಿಯುತ್ತಾ ಹೋದ ಹಾಗೆ ಅಮ್ಮ ಸ್ವೆಟರು ತೆಗೆದರು, ಆಮೇಲೆ ಶಾಲು ತೆಗೆದರು. ಹೊನ್ನಾವರಕ್ಕೆ ಬರುವಷ್ಟರಲ್ಲಿ ಸೆಖೆ ಸೆಖೆ ಎಂದು ಬೀಸಿಕೊಳ್ಳುತ್ತಿದ್ದರು. ಮನೆ ಬಿಡುವಾಗ ಮೈ ನಡುಗುತ್ತಿತ್ತು, ನೋಡಿ.

ಒಂದು ಕಹಿ ಮೊದಲು ಮುಗಿಸುತ್ತೇನೆ. ರೂಮು ಕೆಳಗಿನ ಅಂತಸ್ತಿನಲ್ಲೇ ಬೇಕು, ಅಮ್ಮನಿಗೆ ಮಂಡಿನೋವು ಎಂದು ಎರಡು ಸಲ ಫೋನಿನಲ್ಲಿ ಹೇಳಿ ದುಡ್ಡು ಕಟ್ಟಿದ್ದೆ. ಹೋದರೆ ಎರಡನೇ ಮಹಡಿ. ಲಿಫ್ಟು ಇಲ್ಲ. ಕೇಳಿದರೆ ಕೆಳಗಿನದು ಬೇರೆಯವರಿಗೆ ಹೋಯಿತು ಎಂದರು. ಲಾಡ್ಜಿನ ಹೆಸರು ಬರೆಯುವುದಿಲ್ಲ. ಭಟ್ಟರಿಗೆ ಹೇಳಿದ್ದೇ ತಡ, ಅವರ ಮನೆಯ ಹಿಂದಿನ ಕೋಣೆ ಬಿಡಿಸಿಕೊಟ್ಟರು. ನಾವು ಮೇಲೆ, ಅಮ್ಮ ಮತ್ತು ಮಗಳು ಭಟ್ಟರ ಮನೆಯಲ್ಲಿ. ಮಗಳು ಮೊದಲು ಮುಖ ಊದಿಸಿದಳು. ಮಾರನೆ ದಿನ ಕರೆದರೂ ಬರಲಿಲ್ಲ. ಅಲ್ಲಿ ಬಾವಿಕಟ್ಟೆ, ಒಂದು ಬೆಕ್ಕು, ಹಿತ್ತಿಲಲ್ಲಿ ತೆಂಗಿನ ಮರ ದಾಟಿದರೆ ಸಮುದ್ರದ ಸದ್ದು. ರಾತ್ರಿಯಿಡೀ ಮಳೆ ಬಂದ ಹಾಗೆ ಕೇಳುತ್ತಿತ್ತಂತೆ. ಮಲೆನಾಡಿನ ಹುಡುಗಿಗೆ ಬೇರೆ ಏನು ನೆನಪಾಗಬೇಕು!

ಎರಡನೇ ದಿನ ಬೆಳಿಗ್ಗೆ ಸಮುದ್ರಸ್ನಾನ. ಅಮ್ಮ ಅಂಚಿನಲ್ಲಿ ನಿಂತು ಮೂರು ಬೊಗಸೆ ನೀರು ಹಾಕಿಕೊಂಡು ಬರುತ್ತಾರೆ ಎಂದುಕೊಂಡಿದ್ದೆ. ನನ್ನ ಕೈ ಹಿಡಿದುಕೊಂಡು ಮೊಣಕಾಲಿನವರೆಗೆ ಹೋದರು, ಆಮೇಲೆ ಸೊಂಟದವರೆಗೆ. ಸಾಕು ಎಂದರೂ ಕೇಳಲಿಲ್ಲ. ಅಲೆ ಬಂದಾಗ ಸಣ್ಣ ಮಕ್ಕಳ ಹಾಗೆ ಹಾರಿದರು. ಮಂಡಿನೋವು ಎಲ್ಲಿ ಹೋಯಿತೋ. ದಡದಲ್ಲಿ ನನ್ನ ಹೆಂಡತಿ ವಿಡಿಯೊ ಮಾಡುವುದನ್ನೂ ಮರೆತು ನಿಂತಿದ್ದಳು.

ಕಾರ್ಯ ಎರಡು ಗಂಟೆ ಹಿಡಿಯಿತು. ಕೋಟಿತೀರ್ಥದ ಮೆಟ್ಟಿಲ ಮೇಲೆ ಕೂತು ಅಪ್ಪನ ಹೆಸರು, ಅಜ್ಜನ ಹೆಸರು, ಮುತ್ತಜ್ಜನ ಹೆಸರು ಹೇಳಬೇಕಾಯಿತು. ಮುತ್ತಜ್ಜನ ಹೆಂಡತಿಯ ಹೆಸರು ನನಗೆ ಗೊತ್ತಿರಲಿಲ್ಲ. ಹಿಂದಿನಿಂದ ಅಮ್ಮ ಹೇಳಿದರು. ಮಗ ನಡುವೆ ಒಮ್ಮೆಯೂ ಗಲಾಟೆ ಮಾಡಲಿಲ್ಲ. ಎಳ್ಳು ನೀರು ಬಿಡುವಾಗ ನನ್ನ ಕೈಯನ್ನೇ ನೋಡುತ್ತಿದ್ದ. ಮುಗಿದ ಮೇಲೆ, ಅಜ್ಜನಿಗೆ ಈ ನೀರು ಹೇಗೆ ಸಿಗುತ್ತದೆ ಎಂದು ಕೇಳಿದ. ಭಟ್ಟರು ನಕ್ಕು, ನೀನು ಹೆಸರು ನೆನಪಿಟ್ಟುಕೊಂಡರೆ ಸಿಗುತ್ತದೆ ಎಂದರು. ಈಗ ದಿನಾ ಊಟಕ್ಕೆ ಕೂತಾಗ ನಾಲ್ಕು ತಲೆಮಾರಿನ ಹೆಸರು ಒಪ್ಪಿಸುತ್ತಾನೆ. ಸ್ವಲ್ಪ ಜಾಸ್ತಿಯೇ ಆಗಿದೆ.

ದೇವರ ಮುಂದೆ ಸಾಲು ಇತ್ತು, ಮುಕ್ಕಾಲು ಗಂಟೆ. ಗಣಪತಿಯ ತಲೆಯ ಗುರುತು ತನಗೆ ಕಂಡಿತು ಎಂದು ಮಗ, ಕಾಣಲಿಲ್ಲ ಎಂದು ಮಗಳು. ಜಗಳ ಇನ್ನೂ ಮುಗಿದಿಲ್ಲ.

ಸಂಜೆ ರಥಬೀದಿಯಲ್ಲಿ ಅಮ್ಮ ಕಳೆದುಹೋದರು. ಹುಡುಕಿದರೆ, ಹರಿವೆ ಸೊಪ್ಪು, ಗೆಣಸು ಇಟ್ಟುಕೊಂಡು ಕೂತ ಹಾಲಕ್ಕಿ ಅಜ್ಜಿಯೊಬ್ಬರ ಪಕ್ಕ ನೆಲದ ಮೇಲೇ ಕೂತಿದ್ದಾರೆ. ನಮ್ಮ ತೋಟದ ಅಡಿಕೆ ಅಮ್ಮನ ಸಂಚಿಯಿಂದ, ಎಲೆ ಆ ಅಜ್ಜಿಯ ಸಂಚಿಯಿಂದ, ಕವಳ ನಡೆಯುತ್ತಿತ್ತು. ಅವರ ಕನ್ನಡ ಇವರಿಗೆ ಪೂರ್ತಿ ತಿಳಿಯುತ್ತಿರಲಿಲ್ಲ, ಇವರದು ಅವರಿಗೂ ಅಷ್ಟೇ. ಮಾತಿಗೆ ಮಾತ್ರ ಬರ ಇರಲಿಲ್ಲ. ಎರಡು ಕಟ್ಟು ಸೊಪ್ಪು ದುಡ್ಡು ತೆಗೆದುಕೊಳ್ಳದೆ ಕೊಟ್ಟರು. ಅದನ್ನು ಭಟ್ಟರ ಮನೆಯಲ್ಲೇ ಪಲ್ಯ ಮಾಡಿದರು.

ಮೂರನೇ ದಿನ ಓಂ ಬೀಚು. ಮೇಲಿನಿಂದ ನೋಡಿದರೆ ಎರಡು ಬಿಲ್ಲು ಸೇರಿಸಿದ ಹಾಗೆ ಇದೆ, ಓಂ ಎಂದು ಓದಬಹುದು. ಇಳಿಯಲು ಮೆಟ್ಟಿಲುಗಳು ಜಾಸ್ತಿ. ಅಮ್ಮ ಮೊದಲೇ, ನೀವು ಹೋಗಿ, ನನಗೆ ಊರ ಬೀಚೇ ಸಾಕು ಎಂದಿದ್ದರು. ದಿಬ್ಬಣ ಸರ್, ನಿಮ್ಮ ಮಾತು ಕೆಲಸಕ್ಕೆ ಬಂತು. ನಡುವಿನ ಬಂಡೆಯ ಪಕ್ಕ ಅಲೆ ಇಲ್ಲದ ಒಂದು ಪಟ್ಟೆ ಕಂಡಿತು. ಮಗ ಅಲ್ಲಿಗೇ ಓಡುತ್ತಿದ್ದ. ಕೊರಳಪಟ್ಟಿ ಹಿಡಿದು ಎಳೆದುಕೊಂಡೆ. ಹತ್ತು ನಿಮಿಷಕ್ಕೆ ಅಲ್ಲೇ ಇಳಿದ ಇಬ್ಬರು ಹುಡುಗರಿಗೆ ಸೀಟಿ ಬಿತ್ತು. ನನ್ನ ಒಂದು ಚಪ್ಪಲಿಯನ್ನು ಸಮುದ್ರ ತೆಗೆದುಕೊಂಡಿತು, ಅಷ್ಟರಲ್ಲೇ ಮುಗಿಯಿತು.

ಬೋಟಿನವರು ಹೇಳಿದ ರೇಟು ಕೇಳಿ ತಲೆ ತಿರುಗಿತು. ಚೌಕಾಸಿ ಮಾಡಿದರೆ ಅರ್ಧಕ್ಕೆ ಬಂದರು. ಡಾಲ್ಫಿನ್ ಕಂಡಿತಾ? ಏನೋ ಒಂದು ಕಪ್ಪಗೆ ಎದ್ದು ಮುಳುಗಿತು. ಡಾಲ್ಫಿನ್ ಎಂದೇ ಲೆಕ್ಕ.

ವಾಪಸ್ ಬರುವಾಗ ಮಿರ್ಜಾನ್ ಕೋಟೆ. ಮೇಷ್ಟ್ರೇ, ಬಸದಿಗೆ ಸಮಯ ಸಿಗಲಿಲ್ಲ, ಕ್ಷಮಿಸಿ. ಆದರೆ ಮೆಣಸಿನ ರಾಣಿಯ ಕಥೆಯನ್ನು ಕೋಟೆ ಗೋಡೆ ಮೇಲೆ ಕೂತೇ ಹೇಳಿದೆ. ಮಗಳು ಒಂದು ಪ್ರಶ್ನೆ ಕೇಳಿದಳು. ನಮ್ಮ ತೋಟದ ಮೆಣಸೂ ಇಲ್ಲಿಂದಲೇ ಹೋಗುತ್ತಿತ್ತಾ? ಆಗ ನಮ್ಮ ತೋಟ ಇತ್ತೋ ಇಲ್ಲವೋ ಗೊತ್ತಿಲ್ಲ ಮಗಳೇ ಎಂದೆ.

ನಿವೃತ್ತ ಮೇಷ್ಟ್ರು, ಶಿವಮೊಗ್ಗ

ಬಸದಿ ಎಲ್ಲಿಗೂ ಹೋಗುವುದಿಲ್ಲ. ಇನ್ನೊಮ್ಮೆ ಹೋಗಿ. ಅಮ್ಮನ ವಿಷಯ ಓದಿ ಸಂತೋಷವಾಯಿತು.

ದಿಬ್ಬಣ, ಸೊರಬ

ಚಪ್ಪಲಿ ಹೋಗಿದ್ದು ಬಹಳ ಅಗ್ಗವಾಯಿತು.

ಮುರುಗಲು, ಹೊಸನಗರ

ಉಪ್ಪಿನ ಸುದ್ದಿಯೇ ಇಲ್ಲವಲ್ಲ?

ಕಾನುಮನೆ, ಸಾಗರ

ಅಯ್ಯೋ, ಅದು ದೊಡ್ಡ ಕಥೆ ಅಕ್ಕ. ಸಾಣಿಕಟ್ಟೆಯಲ್ಲಿ ನಿಲ್ಲಿಸಿದೆವು. ಗದ್ದೆ ಬದುವಿನ ಹಾಗೆ ಮಣ್ಣಿನ ಕಟ್ಟೆಗಳು, ನಡುವೆ ಉಬ್ಬರದ ನೀರು. ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಬಿಡುತ್ತಾ ಹೋಗುತ್ತಾರೆ. ಬಿಸಿಲಿಗೆ ನೀರು ಗಟ್ಟಿಯಾಗಿ ಕೊನೆಯಲ್ಲಿ ಹರಳು ಕಟ್ಟುತ್ತದೆ. ಉದ್ದ ಹಿಡಿಕೆಯ ಹಲಗೆಯಿಂದ ಗೋರಿ ರಾಶಿ ಹಾಕುತ್ತಿದ್ದರು. ನಾವು ಅಡಿಕೆ ಗೋರುವುದೂ ಥೇಟ್ ಹಾಗೇ! ಹತ್ತು ಕಿಲೋ ತೆಗೆದುಕೊಂಡು ಡಿಕ್ಕಿಯಲ್ಲಿ ಇಟ್ಟೆ. ಬಿಸಿಲಲ್ಲಿ ಒಣಗಿದಂತೆ ಕಂಡ ಉಪ್ಪು ಘಟ್ಟ ಹತ್ತುವಷ್ಟರಲ್ಲಿ ನೀರು ಬಿಟ್ಟಿದೆ. ಮ್ಯಾಟು, ಸ್ಟೆಪ್ನಿ ಎಲ್ಲ ಒದ್ದೆ. ಗೇರಣ್ಣ, ತುಕ್ಕು ಹಿಡಿಯದ ಹಾಗೆ ಏನು ಮಾಡಲಿ?

ಘಟ್ಟದ ಗೇರು, ತಾಳಗುಪ್ಪ

ಮ್ಯಾಟು ಹೊರಗೆ ತೆಗೆಯಿರಿ. ಸಿಹಿನೀರಲ್ಲಿ ಎರಡು ಸಲ ತೊಳೆದು, ಡಿಕ್ಕಿ ತೆರೆದಿಟ್ಟು ಬಿಸಿಲಿಗೆ ನಿಲ್ಲಿಸಿ. ಸ್ಟೆಪ್ನಿ ಕೂತುಕೊಳ್ಳುವ ಗುಂಡಿಯಲ್ಲಿ ನೀರು ನಿಂತಿರುತ್ತದೆ, ತಳದ ರಬ್ಬರ್ ಬಿರಡೆ ತೆಗೆದರೆ ಇಳಿದುಹೋಗುತ್ತದೆ. ಇವತ್ತೇ ಮಾಡಿ.

ಮುರುಗಲು, ಹೊಸನಗರ

ಆ ಉಪ್ಪನ್ನು ಗೋಣಿಯಲ್ಲಿ ಇಡಬೇಡಿ. ಬಿದಿರು ಬುಟ್ಟಿಯಲ್ಲಿ ಹಾಕಿ, ಕೆಳಗೆ ಪಾತ್ರೆ ಇಟ್ಟು ನೀರು ಇಳಿಯಲು ಬಿಡಿ. ಆಮೇಲೆ ಭರಣಿಗೆ ತುಂಬಿ. ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿಗೆ ಇದರಷ್ಟು ಒಳ್ಳೆಯ ಉಪ್ಪು ಇಲ್ಲ. ಪ್ಯಾಕೆಟ್ಟಿನ ಪುಡಿ ಉಪ್ಪು ಹಾಕಬೇಡಿ ಎಂದು ಬೇರೆ ಹೇಳಬೇಕಾಗಿಲ್ಲ, ಅಮ್ಮನಿಗೆ ಗೊತ್ತಿರುತ್ತದೆ.

ಮಂಡಗದ್ದೆ ಹಕ್ಕಿ, ತೀರ್ಥಹಳ್ಳಿ

ಮಿಡಿ ಬಂತಾ ನಿಮ್ಮ ಕಡೆ? ಈ ಸಲ ಹೂವು ಹೇಗಿದೆ?

ಕಾನುಮನೆ, ಸಾಗರ

ಹೂವು ಚೆನ್ನಾಗಿದೆ. ಮೋಡ ಕಟ್ಟಿ ಇಬ್ಬನಿ ಜಾಸ್ತಿಯಾಗದಿದ್ದರೆ ಇನ್ನೊಂದು ತಿಂಗಳಿಗೆ ಹೊಳೆ ಬದಿಯ ಮರದಲ್ಲಿ ಮಿಡಿ ಕೊಯ್ಯಬಹುದು ಎಂದು ಅಮ್ಮ ಲೆಕ್ಕ ಹಾಕಿದ್ದಾರೆ. ಭಟ್ಟರ ಮನೆಗೆ ಒಂದು ಸಣ್ಣ ಭರಣಿ ಎಂದು ಈಗಲೇ ಎತ್ತಿಟ್ಟಿದ್ದಾರೆ. ತಲುಪಿಸಬೇಕಾದವನು ನಾನೇ. ಹೊನ್ನಾವರದ ಬಸ್ಸು ಸಾಗರದಿಂದ ಬೆಳಿಗ್ಗೆ ಎಷ್ಟು ಹೊತ್ತಿಗೆ, ಯಾರಿಗಾದರೂ ಗೊತ್ತಾ?